ಖಾಲಿ ಕೋಣೆಯ ಹನ್ನೊಂದನೆಯ ವೋಟು

ಕಳೆದ ಗುರುವಾರ ಹಾಡಿನ ನಡುವೆ ತಪಸ್ವಿಗೆ ಎಚ್ಚರವಾದದ್ದೇ ತಪ್ಪಾಯಿತು. ಎಚ್ಚರವಾದವನು ಸುಮ್ಮನಿರದೆ "ಅಯ್ಯಯ್ಯೋ!" ಎಂದು ಕೂಗಿದ್ದು ಅದಕ್ಕಿಂತ ದೊಡ್ಡ ತಪ್ಪು.

ತಪಸ್ವಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕ್ಲಬ್ಬಿನವರು ಕೊಟ್ಟ ಬಿರುದು. ಅವನು ಹಾಸಿಗೆ ಅಂಗಡಿಯ ಸೇಲ್ಸ್‌ಮನ್. "ಬೆನ್ನು ತಾಗಿಸಿದರೆ ಸಾಕು ಸಾರ್, ನಿದ್ದೆ ತಾನಾಗಿ ಬರುತ್ತೆ" ಎಂದು ಬಂದವರಿಗೆಲ್ಲ ಹೇಳುವುದು ಅವನ ಕೆಲಸ. ಮನೆಯಲ್ಲಿ ಒಂದೂವರೆ ವರ್ಷದ ಅವಳಿ ಮಕ್ಕಳು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು. ಕಾರ್ಖಾನೆಯ ಕಾವಲುಗಾರರ ಹಾಗೆ ಎರಡೂ ಪಾಳಿ ಹಂಚಿಕೊಂಡಿದ್ದವು. ರಜೆ ಮಾತ್ರ ಇರಲಿಲ್ಲ. ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ಗಿರಾಕಿಗಳಿಗೆ ಹಾಸಿಗೆಯ ಮೇಲೆಯೇ ನಂಬಿಕೆ ಹೋಗುತ್ತದೆಂದು ಅಂಗಡಿಯ ಯಜಮಾನಿ ಅವನಿಗೆ ಕಪ್ಪು ಕನ್ನಡಕ ಹಾಕಿಸಿದ್ದಳು. ಹಾಸಿಗೆ ಅಂಗಡಿಯ ಕುರುಡ ಎಂದು ಸುದ್ದಿಯಾಗಿ, ಪುಣ್ಯಾತ್ಗಿತ್ತಿಯೊಬ್ಬಳು ಅವನ ಕೈಹಿಡಿದು ರಸ್ತೆ ದಾಟಿಸಿದ್ದೂ ಉಂಟು. ದಾಟುವ ಕೆಲಸ ಅವನಿಗೆ ಇರಲಿಲ್ಲ. ಆದರೂ ಎದುರು ಮಾತಾಡಲು ಶಕ್ತಿಯಿಲ್ಲದೆ ದಾಟಿದ್ದ.

ಒಂದು ವರ್ಷದ ಹಿಂದೆ ಅವನು ಕೆಟ್ಟುಹೋದ ಗೋಡೆ ಗಡಿಯಾರ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋಗಿದ್ದ. ಅಲ್ಲಿನ ಗಡಿಯಾರದಜ್ಜ "ಐದು ನಿಮಿಷ ಕೆಳಗೆ ಕೂತಿರಿ" ಎಂದು ನೆಲಮಾಳಿಗೆಗೆ ಕಳಿಸಿದ್ದರು. ಕೆಳಗೆ ಅರೆಗತ್ತಲು. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದ್ದರು. ಬೇರೆಬೇರೆ ಮನೆಗಳಿಂದ ಓಡಿಬಂದಂತಿದ್ದ ಕುರ್ಚಿಗಳಲ್ಲಿ ಒಂಬತ್ತು ಮಂದಿ ಕೂತು 'ಕಬ್ಬಿಣದ ಆಮೆ' ಎಂಬ ಪ್ರೊಗ್ರೆಸಿವ್ ರಾಕ್ ತಂಡದ ಹಾಡು ಕೇಳುತ್ತಿದ್ದರು. ಆ ತಂಡದ ಹಾಡುಗಳು ಮುಗಿಯುವುದೇ ಇಲ್ಲ. ಮುಗಿಯಿತು ಎಂದು ಎದ್ದವನನ್ನು ಕೊಳಲೊಂದು ಮತ್ತೆ ಕೂರಿಸುತ್ತದೆ. ತಪಸ್ವಿಗೆ ಸಿಕ್ಕಿದ್ದು ಮೂಲೆಯಲ್ಲಿ ದೊಡ್ಡ ಸ್ಪೀಕರಿನ ಕೆಳಗಿದ್ದ ಕುರ್ಚಿ, ಯಾವನೋ ಹಲ್ಲಿನ ಡಾಕ್ಟರು ಮಾರಿಹೋದದ್ದು, ಹಿಂದಕ್ಕೆ ಒರಗುವಂಥದ್ದು. ಅವನು ಒರಗಿದ. ಎರಡು ಗಂಟೆಯ ನಂತರ ಕಣ್ಣು ಬಿಟ್ಟಾಗ ಟೀ ಕುಡಿದು ಬಂದ ಒಂಬತ್ತು ಮಂದಿಯೂ ಗಡಿಯಾರದಜ್ಜನೂ ಸುತ್ತ ನಿಂತು ಅವನನ್ನೇ ನೋಡುತ್ತಿದ್ದರು.

"ಇಷ್ಟು ಆಳವಾಗಿ ಕೇಳೋರನ್ನ ನಾನು ಕಂಡೇ ಇಲ್ಲ," ಎಂದರು ಗಡಿಯಾರದಜ್ಜ. "ಹಾಡು ಮುಗಿದ್ರೂ ಇವರು ಹಾಡೊಳಗೇ ಇದ್ರು."

ಅಂದಿನಿಂದ ಪ್ರತಿ ಗುರುವಾರ ಅವನು ಕ್ಲಬ್ಬಿನ ಹನ್ನೊಂದನೆಯ ಸದಸ್ಯ. ಹಾಡು ಮುಗಿದ ಮೇಲೆ ಉಳಿದವರು ಅವನ ಧ್ಯಾನ ಕೆಡಬಾರದೆಂದು ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಡೆದು ಟೀಗೆ ಹೋಗುತ್ತಿದ್ದರು. ಇಡೀ ವಾರದಲ್ಲಿ ಅವನಿಗೆ ಸಿಗುತ್ತಿದ್ದ ನಿದ್ದೆ ಎಂದರೆ ಅದೊಂದೇ. ಹೆಂಡತಿಗೆ ಅವನು "ಕ್ಲಬ್ಬಿನಲ್ಲಿ ನಾನಿಲ್ಲದೆ ಆಗಲ್ಲ" ಎಂದಷ್ಟೇ ಹೇಳಿದ್ದ. "ಪಾಪ, ಮನಸ್ಸಿಗೆ ಸಂಗೀತವಾದ್ರೂ ಇರ್ಲಿ" ಎಂದು ಅವಳು ಎರಡು ಸೊಂಟಕ್ಕೂ ಒಂದೊಂದು ಕೂಸು ಏರಿಸಿಕೊಂಡು ಬಾಗಿಲವರೆಗೆ ಬಂದು ಕಳಿಸಿಕೊಡುತ್ತಿದ್ದಳು.

ಈ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಕಬ್ಬಿಣದ ಆಮೆಯ ಹೊಸ ಹಾಡಿನಿಂದ. ಹಾಡಿನ ಹೆಸರು 'ಖಾಲಿ ಕೋಣೆ'. ಅದರ ಮೊದಲ ಭಾಗದಲ್ಲಿ ವಾದ್ಯವೇ ಇಲ್ಲ. ಬರೀ ಒಂದು ಗುಡುಗುಡು, ಒಂದು ಸಿಳ್ಳೆ, ಒಂದು ಮೌನ. ಅದು ಮುಗಿದ ಕೂಡಲೆ ಪಾತ್ರೆ ಅಂಗಡಿಯ ಮೇಲೆ ಲಾರಿ ಹತ್ತಿದ ಹಾಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಬಂದು ಬೀಳುತ್ತವೆ. ತಪಸ್ವಿ ಕೂಗಿದ್ದು ಆಗಲೇ.

ಕ್ಲಬ್ಬು ಎರಡು ಹೋಳಾಯಿತು. ಇದು ತಂಡದ ಶಿಖರ ಎಂದವರು ಐದು ಜನ. ಇದು ತಂಡದ ಸಮಾಧಿ ಎಂದವರು ಐದು ಜನ. ತಪಸ್ವಿಯ ಕೂಗು ಆನಂದದ್ದು ಎಂದು ಅವರು, ಸಂಕಟದ್ದು ಎಂದು ಇವರು. ಈ ಗುರುವಾರ ಸಂಜೆ ಅವನೇ ತೀರ್ಪು ಕೊಡಬೇಕೆಂದು ಗಡಿಯಾರದಜ್ಜ ಹೇಳಿಬಿಟ್ಟರು. ಹಾಡಿಗೆ ಸೈ ಎಂದರೆ ಇನ್ನು ಪ್ರತಿ ವಾರ ಆ ಲಾರಿ. ಬೇಡ ಎಂದರೆ ಹಾಡಿನ ಪರವಾಗಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಸ್ಪೀಕರುಗಳನ್ನು ಹೊತ್ತುಕೊಂಡು ಹೋಗುತ್ತಾರೆ, ಕ್ಲಬ್ಬು ಮುಚ್ಚುತ್ತದೆ. ಹೇಗೆ ತಿರುಗಿಸಿ ನೋಡಿದರೂ ಹೋಗುವುದು ತಪಸ್ವಿಯ ನಿದ್ದೆಯೇ.

ಗುರುವಾರ ಬೆಳಗ್ಗೆ ಅಂಗಡಿಯ ಶಟರು ಎತ್ತುತ್ತಿದ್ದಂತೆ ಡ್ರೈವಿಂಗ್ ಮೇಷ್ಟ್ರು ಒಳಗೆ ಬಂದರು. ನಿಂತು ಮಾತಾಡಿದರೆ ಗಿರಾಕಿಯಂತೆ ಕಾಣುವುದಿಲ್ಲವೆಂದು ಕಿಟಕಿಯ ಬಳಿಯ ಡಬಲ್ ಹಾಸಿಗೆಯ ಮೇಲೆ ಶೂ ಬಿಚ್ಚಿ ಮಲಗಿದರು.

"ಕನ್ನಡಕ ತೆಗೀರಿ, ನಿಮ್ಮ ಕಣ್ಣು ನೋಡ್ಬೇಕು. ಅದು ಆನಂದದ ಕೂಗು ತಾನೆ?"

"ಏನೋ ಒಂದು ಕೂಗು ಸಾರ್."

"ನೋಡಿದ್ರಾ, ಮಾತಲ್ಲಿ ಹೇಳೋಕ್ಕಾಗ್ತಿಲ್ಲ ನಿಮಗೆ! ಅಭಿಮಾನಿಗಳ ಕೋಣೆಗಳ ಮೌನ ತರಿಸ್ಕೊಂಡು ಮಾಡಿರೋ ಹಾಡು ರೀ ಅದು. ಆ ಗುಡುಗುಡು ಗಮನಿಸಿದ್ರಾ? ಏಳು ಎಣಿಕೆ ಒಳಗೆ, ಐದು ಎಣಿಕೆ ಹೊರಗೆ. ಆಮೇಲೆ ಎಳೆ ಸಿಳ್ಳೆ. ಆಮೇಲೆ ಜೀವ ಹೋದ ಹಾಗೆ ಮೌನ. ಇನ್ನೇನು ಮುಗೀತು ಅನ್ನೋವಾಗ 'ಗ್ಳಕ್'! ಭೂಮಿ ಉಸಿರಾಡ್ತಿದೆ ಕಣ್ರೀ!"

"ಭೂಮಿ ಅಲ್ಲ, ಬಚ್ಚಲು!"

ಬಾಗಿಲಲ್ಲಿ ಔಷಧಿ ಅಂಗಡಿಯಣ್ಣ ನಿಂತಿದ್ದ. ಅವನು ಹಾಡಿನ ವಿರೋಧಿಗಳ ಮುಂದಾಳು. ಸೀದಾ ಬಂದು ಅದೇ ಹಾಸಿಗೆಯ ಇನ್ನೊಂದು ಬದಿಗೆ ಅಡ್ಡಾದ.

"ನಮ್ಮನೆ ಬಚ್ಚಲು ಕಟ್ಕೊಂಡಾಗ ದಿನಾ 'ಗ್ಳಕ್' ಅನ್ನುತ್ತೆ. ನಾನೇನು ಚಪ್ಪಾಳೆ ತಟ್ತೀನಾ? ತಪಸ್ವಿಗಳೇ, ನೀವು ಕೂಗಿದ್ದು ನೋವಿಂದ. ನನಗೆ ಗೊತ್ತು. ದಿನಾ ನೋವಿನವರನ್ನೇ ನೋಡ್ತೀನಿ ನಾನು."

"ಸ್ಟಾಂಡಲ್ಲಿ ನಿಂತ ಸೈಕಲ್ ತುಳಿಯೋ ಬುದ್ಧಿ ನಿಮ್ಮದು. ಮುಂದಕ್ಕೆ ಹೋಗೋದೇ ಇಲ್ಲ!"

"ನೀವು ಮುಂದಕ್ಕೆ ಕರ್ಕೊಂಡು ಹೋದವರು ಎಲ್ಲಿದ್ದಾರೆ ಅಂತ ಗೊತ್ತು. ನನ್ನ ಅಂಗಡೀಲಿ ಬ್ಯಾಂಡೇಜ್ ಕೇಳ್ತಾ ನಿಂತಿರ್ತಾರೆ!"

ಒಬ್ಬರ ಮುಖ ಒಬ್ಬರು ನೋಡದೆ, ಚಾವಣಿಗೆ ಕೈ ತೋರಿಸುತ್ತ, ಮಲಗಿದಲ್ಲೇ ಇಬ್ಬರೂ ಜಗಳಕ್ಕೆ ಬಿದ್ದರು. ತಪಸ್ವಿ ನಡುವೆ ನಿಂತು "ಸಾರ್, ಅಣ್ಣಾ, ದಿಂಬಿಗೆ ಎಣ್ಣೆ ತಾಗುತ್ತೆ" ಎಂದು ಕೈ ಹಿಸುಕಿಕೊಂಡ. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಕೈ ಕೈ ಹಿಡಿದುಕೊಂಡು ಒಳಗೆ ಬಂತು. ಹುಡುಗಿ ಹಾಸಿಗೆಯ ಕಡೆ ನೋಡಿದಳು. ನೋಡಿದವಳು ಗಂಡನ ತೋಳು ಜಗ್ಗಿದಳು.

"ಇದು ಬೇಡ ರೀ. ಇದ್ರ ಮೇಲೆ ಮಲಗಿದೋರು ಹೆಂಗೆ ಕಚ್ಚಾಡ್ತಿದ್ದಾರೆ ನೋಡಿ."

ಜೋಡಿ ಹೋದದ್ದನ್ನು ಗಾಜಿನ ಕೋಣೆಯಿಂದ ಯಜಮಾನಿ ಕಂಡಳು. ಆಕೆ ಹೊರಗೆ ಬಂದಾಗ ಮೇಷ್ಟ್ರೂ ಔಷಧಿಯಣ್ಣನೂ ಶೂ ಕೈಯಲ್ಲಿ ಹಿಡಿದು ಜಾಗ ಖಾಲಿ ಮಾಡಿದ್ದರು. ಸಿಕ್ಕಿದವನು ತಪಸ್ವಿ.

"ಇನ್ಮೇಲೆ ನಿಮ್ಮ ಗುರುತಿನವರು ಯಾರೂ ಈ ಅಂಗಡೀಲಿ ಮಲಗೋ ಹಾಗಿಲ್ಲ," ಎಂದಳು ಆಕೆ, ಸಿಟ್ಟಿಗಿಂತ ಹೆಚ್ಚು ಬೇಸರದಿಂದ. "ನೀವಂತೂ ಮೊದಲೇ ಇಲ್ಲ. ಹೋಗಿ, ಗೋಡೌನಲ್ಲಿರೋ ಹಾಸಿಗೆಯೆಲ್ಲ ಮಗುಚಿಡಿ. ಒಂದೇ ಕಡೆ ಬಿದ್ದು ಕೆಳಭಾಗ ಕೂತುಹೋಗಿದೆ."

ಅವನು ಮಧ್ಯಾಹ್ನವಿಡೀ ಹಾಸಿಗೆ ಮಗುಚಿದ. ಸ್ಪ್ರಿಂಗಿನವು, ಹತ್ತಿಯವು, ತೆಂಗಿನ ನಾರಿನವು. ಪ್ರತಿಯೊಂದನ್ನೂ ತಬ್ಬಿಕೊಂಡು ಎತ್ತಬೇಕು, ಕೆನ್ನೆ ಒತ್ತಬೇಕು, ಒತ್ತಿದ ಕೆನ್ನೆಯನ್ನು ಅಲ್ಲಿಂದ ಕಿತ್ತುಕೊಳ್ಳಬೇಕು. ಹಸಿದವನಿಗೆ ಮದುವೆ ಮನೆಯಲ್ಲಿ ಬಡಿಸುವ ಕೆಲಸ ಕೊಟ್ಟ ಹಾಗಿತ್ತು. ಧೂಳಿಗೆ ಕಣ್ಣು ಉರಿದು ನೀರಾಡಿತು. ನಡುವೆ ಹೆಂಡತಿಯ ಫೋನು.

"ಪಕ್ಕದ ಮನೆ ಅಜ್ಜಿಗೆ ಮಂಡಿ ನೋವಂತೆ, ಇವತ್ತು ಸಂಜೆ ಬರಲ್ಲ ಅಂದ್ರು. ನನಗೆ ಒಬ್ಬಳಿಗೇ ಆಗ್ತಿಲ್ಲ ರೀ. ನಿಂತಲ್ಲೇ ತೂಗಾಡ್ತಿದ್ದೀನಿ. ನಿಮ್ಮ ಕ್ಲಬ್ಬಿಗೇ ಕರ್ಕೊಂಡು ಬರ್ಲಾ? ಹಿಂದೆ ಎಲ್ಲಾದ್ರೂ ಕೂತಿರ್ತೀನಿ. ಯಾರಿಗೂ ತೊಂದ್ರೆ ಕೊಡಲ್ಲ."

ಬೇಡ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ಕಾರಣ ಹುಡುಕಲು ಬೇಕಾದ ತಲೆ ಎಂದೋ ನಿಂತುಹೋಗಿತ್ತು.

ಸಂಜೆ ನೆಲಮಾಳಿಗೆಯಲ್ಲಿ ಕುರ್ಚಿಗಳು ಎರಡು ಸಾಲಾಗಿದ್ದವು, ಕೋರ್ಟಿನ ಹಾಗೆ. ನಡುವಿನ ಜಾಗದಲ್ಲಿ ರೆಕಾರ್ಡ್ ಪ್ಲೇಯರು. ತಪಸ್ವಿ ತನ್ನ ಕುರ್ಚಿಯತ್ತ ಕಾಲು ಹಾಕಿದ್ದೇ ಗಡಿಯಾರದಜ್ಜ ತಡೆದರು.

"ಇವತ್ತು ನೀವು ಪ್ಲೇಯರ್ ಹತ್ರಾನೇ ನಿಂತ್ಕೊಳ್ಳಿ. ತೀರ್ಪು ಕೊಡೋರು ಎಲ್ಲರಿಗೂ ಕಾಣ್ಬೇಕು."

ಆಗಲೇ ಮೆಟ್ಟಿಲ ಮೇಲಿನಿಂದ ಅಳು ಇಳಿದು ಬಂತು. ಒಂದಲ್ಲ, ಎರಡು ಅಳು, ಬೇರೆಬೇರೆ ಶ್ರುತಿಯಲ್ಲಿ. ಹಿಂದೆ ಹೆಂಡತಿ. ಒಂದು ಕೂಸು ಅವಳ ಕಿವಿ ಜಗ್ಗುತ್ತಿತ್ತು, ಇನ್ನೊಂದು ಅವಳ ಸೆರಗಿನ ತುದಿ ಅಗಿಯುತ್ತಿತ್ತು. ಹತ್ತು ಮುಖಗಳೂ ಒಟ್ಟಿಗೆ ಸಿಂಡರಿಸಿದವು. ವಾರದಿಂದ ಕ್ಲಬ್ಬು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಆದರೂ ಗಡಿಯಾರದಜ್ಜ ದೊಡ್ಡ ಮನುಷ್ಯ. "ಬಾಮ್ಮಾ, ಕೂತ್ಕೋ" ಎಂದು ಖಾಲಿ ಇದ್ದ ಒಂದೇ ಕುರ್ಚಿಯನ್ನು ತೋರಿಸಿದರು. ಮೂಲೆಯ ಆ ಒರಗುವ ಕುರ್ಚಿ.

ತಪಸ್ವಿ ತನ್ನ ಕುರ್ಚಿಯನ್ನು ಆಸೆಯಿಂದ ನೋಡಿದ. ಹೆಂಡತಿ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಮುಳ್ಳನ್ನು ರೆಕಾರ್ಡಿನ ಮೇಲೆ ಇಟ್ಟ.

ಗುಡುಗುಡು ಶುರುವಾಯಿತು.

ಅಳು ನಿಂತಿತು. ಸಣ್ಣಗಾಗುತ್ತ ಹೋಗಿ ನಿಂತದ್ದಲ್ಲ, ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಕಿವಿ ಜಗ್ಗುತ್ತಿದ್ದ ಕೈ ಜಾರಿತು. ಸೆರಗು ಬಾಯಿಂದ ಬಿತ್ತು. ಏಳು ಎಣಿಕೆ ಒಳಗೆ, ಐದು ಎಣಿಕೆ ಹೊರಗೆ. ಸಿಳ್ಳೆ ಬರುವಷ್ಟರಲ್ಲಿ ಎರಡು ತಲೆಗಳೂ ತಾಯಿಯ ಎರಡು ಭುಜಗಳ ಮೇಲೆ ಒರಗಿದ್ದವು.

"ಭೂಮಿ ರೀ!" ಎಂದು ಡ್ರೈವಿಂಗ್ ಮೇಷ್ಟ್ರು ಪಿಸುಗುಟ್ಟಿದರು. "ಹಸುಗೂಸುಗಳಿಗೂ ಗೊತ್ತಾಗುತ್ತೆ!"

"ಯಾವ ಭೂಮಿ?" ಎಂದಳು ಹೆಂಡತಿ. ಅವಳ ಮುಖದಲ್ಲಿ ಕಳೆದುಹೋದ ಒಡವೆ ಪಕ್ಕದವರ ಕೊರಳಲ್ಲಿ ಕಂಡಷ್ಟು ಆಶ್ಚರ್ಯ. "ಇದು ಇವರ ಗೊರಕೆ. ಈಗ ನೋಡಿ, ಉಸಿರು ನಿಲ್ಲುತ್ತೆ. ಹೊಸದರಲ್ಲಿ ನಾನು ಎಷ್ಟು ಹೆದರ್ಕೋತಿದ್ದೆ. ಈಗ 'ಗ್ಳಕ್' ಅನ್ನುತ್ತೆ."

'ಗ್ಳಕ್' ಎಂದಿತು ಸ್ಪೀಕರು.

ಗಡಿಯಾರದಜ್ಜ ನಿಧಾನವಾಗಿ ಕುಸಿದು ಕೂತರು.

"ಖಾಲಿ ಕೋಣೆ ಸದ್ದು ಕಳ್ಸಿ ಅಂತ ತಂಡದವರು ಎಲ್ಲಾ ಕ್ಲಬ್ಬಿಗೂ ಕೇಳಿದ್ರು. ಒಂದ್ಸಲ ಎಲ್ಲಾರೂ ಟೀಗೆ ಹೋದಾಗ ಇಲ್ಲಿ ರೆಕಾರ್ಡರ್ ಇಟ್ಟು ಹೋಗಿದ್ದೆ. ತಪಸ್ವಿ ಧ್ಯಾನದಲ್ಲಿದ್ದಾರೆ, ಅವರದೇನು ಸದ್ದು ಅಂತ..." ಅವರು ತಪಸ್ವಿಯ ಕಡೆ ನೋಡಿದರು. "ಕೇಳಿ ನೋಡದೆ ಕಳ್ಸಿಬಿಟ್ಟೆ."

ಮೇಷ್ಟ್ರು ಎಣಿಸುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಔಷಧಿಯಣ್ಣನಿಗೆ ನಗಬೇಕೆನ್ನಿಸಿತು. ಆದರೆ ಒಂದು ವರ್ಷದಿಂದ ಹಾಡಿನ ಬಗ್ಗೆ ಏನು ಅನುಮಾನ ಬಂದರೂ ಅವನು ಕೇಳುತ್ತಿದ್ದದ್ದು ತಪಸ್ವಿಯನ್ನೇ. ಆದ್ದರಿಂದ ನಗು ಹೊರಡಲಿಲ್ಲ.

ತಪಸ್ವಿಗೆ ಇವರ ಯಾರ ಮುಖವೂ ಕಾಣಲಿಲ್ಲ. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ.

"ಪ್ರತಿ ಗುರುವಾರ ಇಲ್ಲಿ ಇಷ್ಟು ಚೆನ್ನಾಗಿ ಮಲ್ಕೋತಿದ್ರಾ?" ಎಂದು ಕೇಳಿದಳು, ಅಷ್ಟೇ. ಆಮೇಲೆ ಮಕ್ಕಳ ನೆತ್ತಿಗೆ ಗಲ್ಲ ಒತ್ತಿ, "ಹುಟ್ಟಿದ ಮೊದಲ ತಿಂಗಳು ನಿಮ್ಮ ಎದೆ ಮೇಲೆ ಮಲಗಿ ಇದನ್ನೇ ಕೇಳ್ತಿದ್ವು. ಆಮೇಲೆ ನಿಮ್ಮ ನಿದ್ದೆ ಹೋಯ್ತು, ಅವುಗಳದೂ ಹೋಯ್ತು. ನನಗೆ ಹೊಳೀಲೇ ಇಲ್ಲ ನೋಡಿ," ಎಂದಳು. ಎನ್ನುತ್ತಲೇ ಹಿಂದಕ್ಕೆ ಒರಗಿದಳು. ಕುರ್ಚಿ ಅವನಿಗೆ ಚೆನ್ನಾಗಿ ಗೊತ್ತಿದ್ದ ರೀತಿಯಲ್ಲಿ 'ಕಿರ್ರ್' ಎಂದಿತು.

ಗುಡುಗುಡು ಮುಗಿಯುತ್ತ ಬಂತು. ಇನ್ನೇನು ಲಾರಿ ಹತ್ತಬೇಕು. ಒಂದು ಕೂಸು ಮಿಸುಕಿತು. ಹೆಂಡತಿ ಕಣ್ಣು ತೆರೆಯದೆ ಕೈ ಎತ್ತಿದಳು.

"ರೀ, ನಿಲ್ಲಿಸ್ಬೇಡಿ. ಮೊದಲಿಂದ ಹಾಕಿ."

ಅವನು ಮುಳ್ಳನ್ನು ಎತ್ತಿ ಮೊದಲಿಗೆ ತಂದಿಟ್ಟ. ಕೂಸು ಸುಮ್ಮನಾಯಿತು. ಮನೆಯಲ್ಲಿ ತಾನು ನಿಜವಾಗಿ ಮಲಗಿ ಗೊರಕೆ ಹೊಡೆದರೆ ಸಾಕಲ್ಲ ಎಂದು ಅವನಿಗೆ ಒಂದು ಕ್ಷಣ ಆಸೆ ಚಿಗುರಿತು. ಮಲಗಲು ಮೊದಲು ಮಕ್ಕಳು ಮಲಗಬೇಕು, ಮಕ್ಕಳು ಮಲಗಲು ಮೊದಲು ತಾನು ಮಲಗಬೇಕು ಎಂದು ನೆನಪಾಗಿ ಅದು ಅಲ್ಲೇ ಬಾಡಿತು.

ಕ್ಲಬ್ಬಿನವರು ಒಬ್ಬೊಬ್ಬರಾಗಿ ಎದ್ದು ತುದಿಗಾಲಲ್ಲಿ ಮೆಟ್ಟಿಲು ಹತ್ತಿದರು, ಎಂದಿನಂತೆ ಟೀಗೆ. ಮೇಷ್ಟ್ರು ತಮ್ಮ ಶಾಲನ್ನು ಮಕ್ಕಳ ಮೇಲೆ ಹೊದಿಸಿದರು. ಔಷಧಿಯಣ್ಣ ದೀಪ ತಗ್ಗಿಸಿದ. ಕೊನೆಯಲ್ಲಿ ಹೋದ ಗಡಿಯಾರದಜ್ಜ ಮೆಟ್ಟಿಲ ಮೇಲೆ ನಿಂತು ತಿರುಗಿದರು.

"ನಿಮ್ಮ ವೋಟು ಒಂದು ಬಾಕಿ ಇದೆ," ಎಂದು ಪಿಸುಗುಟ್ಟಿದರು.

ತಪಸ್ವಿ ಕುರ್ಚಿಯ ಕಡೆ ನೋಡಿದ. ಹೆಂಡತಿಯ ಬಾಯಿ ತುಸು ತೆರೆದಿತ್ತು. ಅವಳು ಮಲಗಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಒಂದು ಕೈ ಮುಳ್ಳಿನ ಮೇಲೆಯೇ ಇತ್ತು. ಇನ್ನೊಂದನ್ನು ಎತ್ತಿದ.

"ಹಾಡಿನ ಪರ," ಎಂದು ಅಜ್ಜ ತಲೆಯಾಡಿಸಿದರು. "ಹಾಗಾದ್ರೆ ಪ್ರತಿ ಗುರುವಾರ ಇದೇ. ಆ ತಾಯೀನೂ ಬರ್ಲಿ, ಕುರ್ಚಿ ಅವಳಿಗೇ ಇರ್ಲಿ. ನೀವು ಹೇಗೂ ಇಲ್ಲಿ ನಿಂತಿರ್ತೀರಲ್ಲ."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಸ್ಪೀಕರಿನೊಳಗೆ ತಪಸ್ವಿ ಲೋಕದ ಪರಿವೆಯಿಲ್ಲದೆ ಮಲಗಿದ್ದ. ಹೊರಗಿದ್ದವನು ಕಪ್ಪು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, ಲಾರಿ ಹತ್ತುವ ಮೊದಲೇ ಮುಳ್ಳನ್ನು ಮತ್ತೆ ಮೊದಲಿಗೆ ಇಡಲು 'ಗ್ಳಕ್' ಎನ್ನುವುದನ್ನೇ ಕಾಯುತ್ತ ನಿಂತ.