ಕಿವಿರಾಯರು ಸದ್ದು ತಿದ್ದಿದ್ದು

“ನಾಳೆ ಹನ್ನೊಂದು ಗಂಟೆಯೊಳಗೆ ಈ ಇಯರ್‌ಬಡ್‌ನಿಂದ ಜೇನುತುಪ್ಪ ಸುರಿಸದೇ ಹೋದ್ರೆ ನನ್ನನ್ನ ಕಿವಿರಾಯ ಅಂತ ಕರೀಬೇಡ!”

ಬುಧವಾರ ಬೆಳಿಗ್ಗೆ ಒಂದು ಕೈಯಲ್ಲಿ ಬ್ರೆಡ್ಡಿನ ತುಂಡು, ಇನ್ನೊಂದು ಕೈಯಲ್ಲಿ ಇಯರ್‌ಬಡ್ಡಿನ ಪುಟ್ಟ ಡಬ್ಬಿ ಹಿಡಿದು, ಊಟದ ಮೇಜಿನ ಮುಂದೆ ಎದ್ದು ನಿಂತು ಕಿವಿರಾಯರು ಹೀಗೊಂದು ಘೋರ ಪ್ರತಿಜ್ಞೆ ಮಾಡಿದರು.

“ನಾನ್ಯಾವತ್ತು ನಿಮ್ಮನ್ನ ಹಾಗೆ ಕರೆದಿದ್ದೀನ್ರೀ? ಬರೀ ‘ರೀ’ ಅಂತ ಕರೆದ್ರೇ ನಿಮಗೆ ಕೇಳಿಸಲ್ಲ,” ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

ಆ ಮಾತು ಕಿವಿರಾಯರ ಎದೆಗೇ ನಾಟಿತು. ಯಾಕೆಂದರೆ ಕಿವಿರಾಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಕೊಟ್ಟ ಬಿರುದು. ಪುಸ್ತಕಗಳನ್ನು ಓದಿಸಿ, ಧ್ವನಿ ಮುದ್ರಿಸಿ ಮಾರುವ ಸಂಸ್ಥೆ ಅದು. ಯಾರೋ ಓದಿದ್ದನ್ನು ಮನೆಯಲ್ಲಿ ಕೂತು ಕೇಳುವುದು, ಎಲ್ಲಿ ಪದ ನುಂಗಿದರು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಎಲ್ಲಿ ಹಾಳೆ ಮಗುಚಿದ ಸದ್ದು ಒಳಗೆ ಬಂತು ಎಂದು ಹುಡುಕಿ ವರದಿ ಕಳಿಸುವುದು, ಇದೇ ಅವರ ಕೆಲಸ. ಹದಿನೇಳು ವರ್ಷ! ಅಷ್ಟು ವರ್ಷದಲ್ಲಿ ಒಂದು ಸೊಳ್ಳೆ ಕೂಡ ಅವರ ಕಣ್ಣು, ಅಲ್ಲಲ್ಲ, ಕಿವಿ ತಪ್ಪಿಸಿ ಪುಸ್ತಕದೊಳಗೆ ನುಗ್ಗಿದ್ದಿಲ್ಲ.

ಅಂಥ ಮಹಾನುಭಾವರು ಕಳೆದ ತಿಂಗಳು ಒಂದು ಸೀನನ್ನು ಬಿಟ್ಟುಬಿಟ್ಟಿದ್ದರು. ಸಣ್ಣಪುಟ್ಟ ಸೀನಲ್ಲ. ಓದುವಾತ ಎರಡು ವಾಕ್ಯದ ನಡುವೆ ಮನಸಾರೆ, ಮೈತುಂಬ ಸೀನಿದ್ದ. ಅದಾದ ಮೇಲೆ ಬಿದ್ದ ಒಂದು ಚಮಚ. ಆಮೇಲೆ ಬೀದಿಯಲ್ಲಿ ಹಾದುಹೋದ ಒಂದು ಲಾರಿ. ಮೂರೂ ಸಲ ಕಿವಿರಾಯರ ವರದಿಯಲ್ಲಿದ್ದದ್ದು ‘ಎಲ್ಲ ಸ್ವಚ್ಛವಾಗಿದೆ’ ಎಂಬ ಸಾಲು.

ಸಂಪಾದಕಿ ಒಳ್ಳೆಯವರೇ, ಆದರೆ ಎಷ್ಟು ದಿನ ಒಳ್ಳೆಯವರಾಗಿರುತ್ತಾರೆ? ಫೋನು ಮಾಡಿ ಹೇಳಿದರು: “ನೋಡಿ ಸರ್, ಗುರುವಾರ ಹನ್ನೊಂದಕ್ಕೆ ಎಲ್ಲರೂ ಕಂಪ್ಯೂಟರಿನಲ್ಲೇ ಸಭೆ ಸೇರೋಣ. ಒಂದು ತುಣುಕು ಹಾಕ್ತೀವಿ. ನೀವು ಅಲ್ಲೇ ಕೇಳಿ, ಅಲ್ಲೇ ತಪ್ಪು ಹೇಳ್ಬೇಕು. ನಮ್ಮ ತಂತ್ರಜ್ಞ ಕೇಳೋ ಕೆಲಸಾನ ಯಂತ್ರಕ್ಕೆ ಒಪ್ಪಿಸೋಣ ಅಂತ ಕೂತಿದ್ದಾನೆ. ಸ್ವಲ್ಪ ಮರ್ಯಾದೆ ಉಳಿಸಿ.”

ಕಿವಿರಾಯರಿಗೆ ಗೊತ್ತಿತ್ತು, ತಪ್ಪು ಕಿವಿಯದಲ್ಲ. ಹಳೆಯ ತಂತಿ ಹೆಡ್‌ಫೋನು ಒಂದು ಬದಿ ಸತ್ತು ಮೂಲೆ ಸೇರಿದಾಗ, ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಹೆಂಡತಿಯೇ ಈ ಇಯರ್‌ಬಡ್ ತಂದುಕೊಟ್ಟಿದ್ದಳು. ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ ಓದುವವರೆಲ್ಲ ತಗಡಿನ ಡಬ್ಬದೊಳಗೆ ಕೂತು ಓದಿದಂತೆ ಕೇಳುತ್ತಿತ್ತು. ಸೀನಿಗೂ ಅಲ್ಪವಿರಾಮಕ್ಕೂ ವ್ಯತ್ಯಾಸವಿಲ್ಲ! ಆದರೆ ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಕೆಟ್ಟದು ಎಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಮದುವೆಯಾಗಿರಲಾರ.

ಹೆಂಡತಿ ಒಮ್ಮೆ ತನ್ನ ಫೋನಿಗೆ ಜೋಡಿಸಿ ಕೇಳಿದ್ದಳು. “ಅಯ್ಯೋ, ಎಷ್ಟು ಚೆನ್ನಾಗಿ ಕೇಳ್ಸತ್ತೆ! ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ!” ಎಂದಿದ್ದಳು. ಆಮೇಲೆ ಗಂಡನ ಕಿವಿಯನ್ನೇ ಒಂದು ಥರ ದಿಟ್ಟಿಸಿ ನೋಡಿದ್ದಳು. ಕಿವಿರಾಯರ ಫೋನು ಗುಂಡಿ ಒತ್ತುವ ಕಾಲದ್ದು, ಅದಕ್ಕೆ ಬ್ಲೂಟೂತೂ ಇಲ್ಲ, ಏನೂ ಇಲ್ಲ. ಹಾಗಾಗಿ ವಾದಿಸಲು ಸಾಕ್ಷಿಯೂ ಇರಲಿಲ್ಲ.

ಹೆಂಡತಿ ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ಕಲಿಯುವವರು ಗೋಡೆಗೆ ಗುದ್ದುವ ಮೊದಲು ಅವಳ ದನಿ ಅವರ ಮೆದುಳಿಗೆ ತಲುಪಬೇಕು, ಹಾಗಾಗಿ ದನಿ ಮೊದಲೇ ಗಟ್ಟಿ. ಈಚೆಗೆ ಮನೆಯಲ್ಲೂ ಅದೇ ದನಿ. “ರೀ! ಉಪ್ಪು! ಕೊಡೀ!” ಎಂದು ಒಂದೊಂದೇ ಪದ ಬಿಡಿಸಿ ಕೂಗುತ್ತಿದ್ದಳು.

“ನನ್ನ ಕಿವಿ ಸರಿಯಾಗಿದೆ ಕಣೇ! ಯಾಕೆ ಹಾಗೆ ಕಿರುಚ್ತೀಯ?”

“ಸರಿ ಸರಿ, ಬೇಜಾರ್ ಮಾಡ್ಕೋಬೇಡಿ,” ಎಂದು ಬೆನ್ನು ಸವರುತ್ತಿದ್ದಳು. ಆ ಸವರುವಿಕೆಗಿಂತ ಬೈಗುಳವೇ ವಾಸಿ ಎನಿಸುತ್ತಿತ್ತು ಕಿವಿರಾಯರಿಗೆ.

ಸರಿ, ಪ್ರತಿಜ್ಞೆ ಆಯಿತು, ಹೆಂಡತಿ ಕೆಲಸಕ್ಕೆ ಹೋದಳು, ಯುದ್ಧ ಶುರುವಾಯಿತು. ಮೊದಲು ಇಯರ್‌ಬಡ್‌ಗಳಿಗೆ ಹಲ್ಲುಜ್ಜುವ ಬ್ರಷ್ಷಿನಿಂದ ಅಭ್ಯಂಜನ. ಪ್ರಯೋಜನವಾಗಲಿಲ್ಲ, ಬ್ರಷ್ಷು ಹೆಂಡತಿಯದು ಎಂದು ಆಮೇಲೆ ಗೊತ್ತಾಯಿತು. ನಂತರ ಕಂಪ್ಯೂಟರಿನ ಸೆಟ್ಟಿಂಗ್ಸಿನೊಳಗೆ ನುಗ್ಗಿ ಸಿಕ್ಕಿದ ಗೆರೆಗಳನ್ನೆಲ್ಲ ಮೇಲೆ ಕೆಳಗೆ ಎಳೆದರು. ಮೃದುವಾಗಿ ಓದುತ್ತಿದ್ದ ಹೆಂಗಸಿನ ದನಿ ಗುಡುಗುವ ಗಂಡಸಿನದಾಯಿತು. ಕೊನೆಗೆ ಯಾರೋ ಒಬ್ಬ ಮಹಾಪಂಡಿತ ವಿಡಿಯೋದಲ್ಲಿ ಅಪ್ಪಣೆ ಕೊಡಿಸಿದ: “ಹಳೆಯ ಜೋಡಣೆಗಳನ್ನೆಲ್ಲ ಅಳಿಸಿಬಿಡಿ, ಹೊಸದಾಗಿ ಜೋಡಿಸಿ.”

ಪಟ್ಟಿಯಲ್ಲಿ ಮೂರು ಹೆಸರಿದ್ದವು, ಮೂರೂ ಅಕ್ಷರ ಅಂಕಿಗಳ ಕಲಸುಮೇಲೋಗರ. ಯಾವುದು ಇಯರ್‌ಬಡ್ ಎಂದು ಯೋಚಿಸುವ ಗೋಜಿಗೆ ಹೋಗದೆ ವೀರಾವೇಶದಿಂದ ಮೊದಲನೆಯದನ್ನು ಅಳಿಸಿದರು. ಎರಡನೆಯದನ್ನು ಅಳಿಸಿದರು. ಮೂರನೆಯದನ್ನೂ ಅಳಿಸಿದರು. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು!

ಆಗ ಹೊಳೆಯಿತು. ಅವರ ಕೀಬೋರ್ಡು, ಮೌಸು ಎರಡೂ ತಂತಿಯಿಲ್ಲದವು. ಎರಡನೆಯ ಹೆಸರು ಕೀಬೋರ್ಡಿನದು. ಮೂರನೆಯದು ಮೌಸಿನದು, ಅದನ್ನು ಅದರ ಕೈಯಿಂದಲೇ ಮುಗಿಸಿದ್ದರು. ಈಗ ಮೌಸು ಜೋಡಿಸಬೇಕಾದರೆ ಒಂದು ಗುಂಡಿ ಒತ್ತಬೇಕು, ಆ ಗುಂಡಿ ಒತ್ತಲು ಮೌಸು ಬೇಕು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ಕಿವಿರಾಯರು ತಲೆ ಮೇಲೆ ಕೈ ಹೊತ್ತು ಕೂತರು. ಹದಿನೇಳು ವರ್ಷದ ಕೆಲಸ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು. ಹೆಮ್ಮೆ ಬದಿಗಿಟ್ಟು ಹೆಂಡತಿಗೆ ಫೋನು ಮಾಡಿದರು.

“ಮೊದಲು ನ್ಯೂಟ್ರಲ್‌ಗೆ ಬನ್ನಿ,” ಎಂದಳು ಆ ಕಡೆಯಿಂದ. “ಯಾವುದನ್ನೂ ಮುಟ್ಟಬೇಡಿ. ನಾನು ಬರೋವರೆಗೂ ಎರಡೂ ಕೈ ಮಡಿಲಲ್ಲಿರಲಿ.”

ಮಧ್ಯಾಹ್ನ ಶಾಲೆಯ ಆಫೀಸಿನಿಂದ ತಂತಿಯಿರುವ ಹಳೆಯ ಮೌಸೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಕೀಬೋರ್ಡು ಬಂತು, ಮೌಸು ಬಂತು, ಇಯರ್‌ಬಡ್ಡೂ ಬಂತು. ಜೊತೆಗೆ ತಗಡಿನ ಡಬ್ಬವೂ ಬಂತು! ಹೆಂಡತಿ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಹಚ್ಚಿ, ದನಿ ಜೋರು ಮಾಡಿ ಮೇಜಿನ ಮೇಲಿಟ್ಟಳು.

ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ. “ಸರ್, ಮೈಕ್ ಬಳಸೋ ಪ್ರೋಗ್ರಾಮ್ ಏನಾದ್ರೂ ತೆರೆದಿಟ್ಟಿದ್ದೀರಾ?”

“ಇಟ್ಟಿದ್ದೀನಪ್ಪ. ಈ ಇಯರ್‌ಬಡ್‌ನಲ್ಲಿ ಮೈಕ್ ಇದೆಯಲ್ಲ, ಅದಕ್ಕೇ ಈಗ ತಪ್ಪುಗಳನ್ನ ಬಾಯಲ್ಲೇ ಹೇಳ್ತೀನಿ, ಕಂಪ್ಯೂಟರ್ ಬರ್ಕೊಳತ್ತೆ. ಬೆಳಿಗ್ಗೆಯಿಂದ ಸಂಜೆವರೆಗೂ ತೆರೆದೇ ಇರತ್ತೆ.” ಈ ಹೊಸ ದೌಲತ್ತಿನ ಬಗ್ಗೆ ಅವರಿಗೆ ತುಂಬ ಹೆಮ್ಮೆಯಿತ್ತು.

ರಿಪೇರಿಯವನು ನಕ್ಕ. “ಅಲ್ಲೇ ಇರೋದು ಸರ್! ಕಂಪ್ಯೂಟರಿಗೆ ಜೋಡಿಸಿದಾಗ ಆ ಪುಟಾಣಿಗೆ ಎರಡೂ ಒಟ್ಟಿಗೆ ಆಗಲ್ಲ. ಅದರ ಮೈಕ್ ತೆರೆದ್ರೆ, ಕೇಳಿಸೋ ಸದ್ದು ಟೆಲಿಫೋನಿನ ಮಟ್ಟಕ್ಕೆ ಇಳಿಯತ್ತೆ. ಮೈಕ್ ಬಿಟ್ರೆ ಸದ್ದು ಪೂರ್ತಿ ಬರತ್ತೆ.”

“ಮಾತಾಡೋದು ನಿಲ್ಲಿಸಿದ್ರೆ ಮಾತ್ರ ಸರಿಯಾಗಿ ಕೇಳಿಸ್ಕೊಳತ್ತೆ ಅಂತೀರಿ,” ಎಂದಳು ಹೆಂಡತಿ. “ಅಂಥದ್ದೊಂದು ಈ ಮನೇಲಿ ಮೊದಲೇ ಇತ್ತು.”

“ಪರದೆ ಮೇಲಿನ ಕ್ಯಾಮೆರಾದಲ್ಲಿ ಬೇರೆ ಮೈಕ್ ಇರತ್ತೆ. ಮಾತಿಗೆ ಅದನ್ನ ಆರಿಸಿ, ಇಯರ್‌ಬಡ್ ಬರೀ ಕೇಳೋಕೆ ಇರಲಿ. ಅಷ್ಟೇ ಸರ್!” ಎಂದು ಅವನು ಫೋನಿಟ್ಟ.

ಎರಡು ಸಲ ಕ್ಲಿಕ್! ಅಷ್ಟೇ. ತಗಡಿನ ಡಬ್ಬ ಒಡೆಯಿತು. ಓದುವಾಕೆ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಂತಾಯಿತು. ಆಕೆ ಉಸಿರೆಳೆದದ್ದು, ಎಂಜಲು ನುಂಗಿದ್ದು, ಕೈಬಳೆ ಮೇಜಿಗೆ ತಾಗಿದ್ದು, ಎಲ್ಲ ಕೇಳಿಸಿತು. ಕಿವಿರಾಯರಿಗೆ ಅಳು ಬರುವುದೊಂದು ಬಾಕಿ. ಹೆಂಡತಿ ಎದುರು ನಿಂತು ಏನೋ ಕೇಳುತ್ತಿದ್ದಳು, ತುಟಿ ಮಾತ್ರ ಕಾಣುತ್ತಿತ್ತು. ಅವರು ಪರಮಾನಂದದಲ್ಲಿ ಜೋರಾಗಿ ತಲೆಯಾಡಿಸಿದರು. ಅವಳು ಕೇಳಿದ್ದು, “ಶನಿವಾರ ಕಿವಿ ಡಾಕ್ಟ್ರ ಹತ್ರ ಹೋಗೋಣ್ವಾ?” ಎಂದು.

ಗುರುವಾರ ಹನ್ನೊಂದು ಗಂಟೆ. ಕಿವಿರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪರದೆಯ ಮುಂದೆ ಕೂತರು. ಅತ್ತ ಸಂಪಾದಕಿ, ಯಂತ್ರದ ಪಕ್ಷದ ತಂತ್ರಜ್ಞ, ಆ ತುಣುಕನ್ನು ಓದಿದ್ದ ನಟ. ತುಣುಕು ಹಾಕಿದರು. ಒಂದು ನಿಮಿಷ, ಎರಡು ನಿಮಿಷ. ಕಿವಿರಾಯರು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಮೂರನೇ ಸಾಲಲ್ಲಿ ಕುರ್ಚಿ. ಏಳನೇ ಸಾಲಲ್ಲಿ ಹಾಳೆ ಮಗುಚಿದ್ದು. ಹತ್ತನೇ ಸಾಲಲ್ಲಿ ಓದುವವರ ಹೊಟ್ಟೆ ‘ಗುರ್’ ಅಂದಿದೆ. ಪಾಪ, ಏನೂ ತಿನ್ನದೇ ಬಂದಿದ್ರು ಅನ್ನಿಸತ್ತೆ.”

ನಟ ಹೊಟ್ಟೆ ಹಿಡಿದುಕೊಂಡ. “ಹೌದು ಸರ್, ಅವತ್ತು ತಡವಾಗಿ ಎದ್ದಿದ್ದೆ!”

ತಂತ್ರಜ್ಞನ ಮುಖ ಸಪ್ಪಗಾಯಿತು. ಅವನ ಯಂತ್ರ ಕುರ್ಚಿಯನ್ನೂ ಹಾಳೆಯನ್ನೂ ಹಿಡಿದಿತ್ತು, ಹೊಟ್ಟೆಯನ್ನು ಹಿಡಿದಿರಲಿಲ್ಲ. ಕಿವಿರಾಯರಿಗೆ ಇನ್ನೇನು ಬೇಕು? ಎದೆಯುಬ್ಬಿಸಿ ಭಾಷಣ ಶುರು ಮಾಡಿಯೇಬಿಟ್ಟರು. ಕಿವಿ ಎನ್ನುವುದು ತಪಸ್ಸು! ತಮ್ಮ ಕಿವಿಯಿರುವ ಮನೆಯಲ್ಲಿ ಇರುವೆ ನಡೆದರೂ ಗೊತ್ತಾಗುತ್ತದೆ! ಮಾತಾಡುತ್ತ ಮಾತಾಡುತ್ತ ನೋಡಿದರೆ ಸಂಪಾದಕಿ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ನಟ ಕಣ್ಣೊರೆಸಿಕೊಳ್ಳುತ್ತಿದ್ದ. ತಂತ್ರಜ್ಞ ಕೂಡ ತಲೆ ತಗ್ಗಿಸಿದ್ದ. ಆಹಾ, ತಮ್ಮ ಮಾತಿಗೆ ಎಂಥ ಶಕ್ತಿ ಎಂದುಕೊಂಡು ಕಿವಿರಾಯರು ಇನ್ನೂ ಐದು ನಿಮಿಷ ಎಳೆದರು.

ಮಧ್ಯಾಹ್ನ ಸಂಪಾದಕಿಯಿಂದ ಪತ್ರ ಬಂತು: “ಕೆಲಸ ನಿಮ್ಮದೇ ಸರ್, ಇನ್ನು ಆ ಮಾತೇ ಇಲ್ಲ. ಇವತ್ತಿನ ಸಭೆಯ ಧ್ವನಿಮುದ್ರಣ ಕಳಿಸಿದ್ದೇನೆ. ಇಪ್ಪತ್ತೆರಡನೇ ನಿಮಿಷದಿಂದ ಕೇಳಿ, ಎಂದಿನಂತೆ ವರದಿ ಕೊಡಿ.”

ಕಿವಿರಾಯರು ಇಯರ್‌ಬಡ್ ಏರಿಸಿ ಕೇಳಿದರು. ಮೊದಲು ಅವರದೇ ಭಾಷಣ. ಅದರ ಬೆನ್ನಿಗೇ, ಅಡುಗೆಮನೆಯ ಕಡೆಯಿಂದ, ಒಂದಕ್ಷರವೂ ಮಸುಕಾಗದೆ ಹೆಂಡತಿಯ ದನಿ! ಅವತ್ತು ಪಾಠ ಮಧ್ಯಾಹ್ನದ್ದು, ಮನೆಯಲ್ಲೇ ಇದ್ದು ಕಿವಿರಾಯರ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ತಾಯಿಗೆ ಕಿವಿ ಪೂರಾ ಮಂದ, ಹಾಗಾಗಿ ಕೂಗಿಯೇ ಹೇಳಬೇಕು.

“ಅತ್ತೇ! ನಿಮ್ಮ ಮಗಂಗೂ ಕಿವಿ ಹೋಗಿದೆ! ಹೂಂ, ಎರಡೂ! ಏಳು ಸಲ ಕರೆದ್ರೆ ಒಂದು ಸಲ ‘ಆಂ’ ಅಂತಾರೆ! ಪಾಪ, ಅವರಿಗೆ ಒಪ್ಪಿಕೊಳ್ಳೋಕೆ ನಾಚಿಕೆ! ನಾನು ಜೋರಾಗಿ ಮಾತಾಡೋದು ರೂಢಿ ಮಾಡ್ಕೊಂಡಿದ್ದೀನಿ ಅತ್ತೆ, ನೀವು ಚಿಂತೆ ಮಾಡ್ಬೇಡಿ! ಕೆಲಸ ಹೋದ್ರೆ ಹೋಗ್ಲಿ ಬಿಡಿ, ಸಂಜೆ ಇನ್ನೆರಡು ಜನಕ್ಕೆ ಕಾರು ಕಲಿಸ್ತೀನಿ, ಅವರು ಆರಾಮಾಗಿ ಮನೇಲಿರಲಿ! ಅವರೊಬ್ಬರು ಖುಷಿಯಾಗಿದ್ರೆ ಸಾಕು ನನಗೆ! ಆದ್ರೆ ಈ ವಿಷಯ ಯಾರಿಗೂ ಹೇಳ್ಬೇಡಿ ಅತ್ತೇ! ಗುಟ್ಟು! ಗು-ಟ್ಟು!”

ಕಿವಿರಾಯರು ಇಯರ್‌ಬಡ್ ತೆಗೆದಿಟ್ಟರು. ಮುಖ ಕೆಂಪಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಹೆಂಡತಿ ಸಿಗಲು ತಾವು ಏನು ಪುಣ್ಯ ಮಾಡಿದ್ದರೋ ಎನಿಸಿತು. ಕೊನೆಗೆ ವರದಿ ಬರೆದರು: “ನಿಮಿಷ ಇಪ್ಪತ್ತೆರಡು: ಹಿನ್ನೆಲೆಯಲ್ಲಿ ಹೆಂಡತಿ. ಅಳಿಸಬಾರದು.”

ಸಂಜೆ ಅವಳು ಬಂದ ಕೂಡಲೇ ಓಡಿಹೋಗಿ ಕೈ ಹಿಡಿದುಕೊಂಡರು. “ಕೆಲಸ ಉಳೀತು ಕಣೇ! ನನ್ನ ಕಿವಿಗೆ ಏನೂ ಆಗಿಲ್ಲ, ಡಾಕ್ಟ್ರೂ ಬೇಡ, ಏನೂ ಬೇಡ! ಆ ನಟನ ಹೊಟ್ಟೆ ಗುರ್ ಅಂದಿದ್ದನ್ನೂ ಹಿಡಿದೆ ಗೊತ್ತಾ?”

ಹೆಂಡತಿಯ ಕಣ್ಣು ತುಂಬಿ ಬಂತು. “ನಿಜವಾಗ್ಲೂ ಸರಿಯಾಗಿ ಕೇಳಿಸತ್ತಾ?”

“ಇರುವೆ ನಡೆದ್ರೂ ಕೇಳಿಸತ್ತೆ!”

“ಅಡುಗೆಮನೆಯಿಂದ ನಾನು ಮಾತಾಡಿದ್ರೆ?”

“ಒಂದೊಂದು ಅಕ್ಷರವೂ!”

“ಮುಂಚೆಯಿಂದಾನೂ?”

“ಯಾವತ್ತಿನಿಂದಾನೂ!” ಎಂದು ಕಿವಿರಾಯರು ಎದೆ ತಟ್ಟಿಕೊಂಡರು.

ಹೆಂಡತಿ ಕಣ್ಣೊರೆಸಿಕೊಂಡಳು. ಕೈ ಬಿಡಿಸಿಕೊಂಡು ಸೊಂಟದ ಮೇಲಿಟ್ಟಳು.

“ಹಾಗಾದ್ರೆ ಒಂದು ತಿಂಗಳಿಂದ ಬಚ್ಚಲಿನ ನಲ್ಲಿ ಸೋರ್ತಿದೆ ಅಂತ ನಾನು ಹೇಳಿದ್ದು ಕೇಳಿಸಿತ್ತು. ಪರದೆ ಒಗೆಯೋಕೆ ಇಳಿಸಿಕೊಡಿ ಅಂದಿದ್ದು ಕೇಳಿಸಿತ್ತು. ಕಸದ ಡಬ್ಬಿ ತುಂಬಿದೆ ಅಂತ ದಿನಾ ಕೂಗಿದ್ದೂ ಕೇಳಿಸಿತ್ತು. ಕಿವಿ ಹೋಗಿದೆಯಲ್ಲಾ ಪಾಪ ಅಂತ ನಾನೇ ಎಲ್ಲಾ ಮಾಡಿದ್ದೀನಲ್ರೀ!”

ಎದೆ ತಟ್ಟಿಕೊಂಡಿದ್ದ ಕೈಯನ್ನು ಕಿವಿರಾಯರು ಮೆಲ್ಲಗೆ ಕೆಳಗಿಳಿಸಿದರು.

ಹೆಂಡತಿ ಈ ಸಲ ಕೂಗಲಿಲ್ಲ. ಪಕ್ಕದಲ್ಲಿರುವವರಿಗೂ ಕೇಳದಷ್ಟು ಮೆಲ್ಲಗೆ, ನಗು ತಡೆದುಕೊಂಡು ಹೇಳಿದಳು: “ಮೊದಲು ಕಸದ ಡಬ್ಬಿ.”

ಕಿವಿರಾಯರು ಎದ್ದು ಹೊರಟರು. ಒಂದೇ ಸಲಕ್ಕೆ ಕೇಳಿಸಿತ್ತು.