ಅತ್ತೆಯವರು ಬಿಟ್ಟುಹೋದ ಸೇವಂತಿಗೆ ಗಿಡಕ್ಕೆ

ಬ್ಯಾಡಗಿ, ಡಿಸೆಂಬರ್ ೨೦೦೯

ಮಾನ್ಯ ಸೇವಂತಿಗೆಯವರೇ,

ನಮ್ಮ ಬಚ್ಚಲ ಮಗ್ಗುಲಿನಲ್ಲಿ ನಲವತ್ತು ವರ್ಷದಿಂದ ಯಾರ ಅಪ್ಪಣೆಯೂ ಇಲ್ಲದೆ ವಾಸವಾಗಿರುವ ತಮಗೆ, ಮೂರನೇ ಇಯತ್ತೆಗೇ ಸಾಲಿ ಬಿಟ್ಟ ಸಿದ್ದವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಬಗ್ಗುವುದಿಲ್ಲವಾದ್ದರಿಂದ ಸಾಷ್ಟಾಂಗವನ್ನು ಕಾಗದದಲ್ಲೇ ಸ್ವೀಕರಿಸಬೇಕು. ಓಣಿಯವರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ಮೇಲೆ ಮಳೆಗೆ ನಮ್ಮೂರಲ್ಲಿ ಕೆಲಸವಿಲ್ಲ. ಆದರೂ ಈ ಸಲ ಅದು ಬೀಗರ ಹಾಗೆ ಬಂದು ಕುಂತು, ಹದಿನೈದು ದಿನ ಏಳಲಿಲ್ಲ. ಎರೆಮಣ್ಣು ಅಂಬಲಿಯಾಯಿತು. ತಾವು ಮೊದಲು ಎಲೆ ಕಪ್ಪು ಮಾಡಿಕೊಂಡಿರಿ, ಆಮೇಲೆ ಮೊಗ್ಗು ಉದುರಿಸಿದಿರಿ, ಕಡೆಗೆ ಬುಡವನ್ನೇ ಕೊಳೆಸಿಕೊಂಡು ಒರಗಿದಿರಿ. ಚಳಿಗಾಲದಲ್ಲಿ ಮಳೆ ಬಂದಾಗಲೆಲ್ಲ ಅರ್ಧ ಸತ್ತು ಅರ್ಧ ಬದುಕುವ ತಮ್ಮ ಕಲೆ ಮೆಚ್ಚತಕ್ಕದ್ದೇ. ಈ ಸಲ ಆ ಅರ್ಧವನ್ನೂ ಉಳಿಸದೆ ಹೋದದ್ದು ಮಾತ್ರ ಅತಿಯಾಯಿತು. ನಾನೇನು ಕಡಿಮೆ ಮಾಡಿದ್ದೆ? ಮೆಣಸಿನಕಾಯಿ ಚೀಲ ಹರಿದು ಹೊದಿಸಿದೆ, ಬೂದಿ ಉದುರಿಸಿದೆ, ತಾವು ಸೊರಗಬಾರದೆಂದು ಸುರಿಯುವ ಮಳೆಯಲ್ಲೂ ದಿನಾ ಮುಂಜಾನೆ ಒಂದು ತಂಬಿಗೆ ನೀರು ತಪ್ಪಿಸಲಿಲ್ಲ. ಇಷ್ಟು ಉಪಚಾರ ನನ್ನ ಬಾಣಂತನದಲ್ಲಿ ನನಗೂ ಯಾರೂ ಮಾಡಲಿಲ್ಲ.

ತಾವು ಬರೀ ಗಿಡವಾಗಿದ್ದರೆ ಕಿತ್ತು ತಿಪ್ಪೆಗೆ ಒಗೆದು ಕೈ ತೊಳೆಯುತ್ತಿದ್ದೆ. ಆದರೆ ನಮ್ಮ ಅತ್ತೆ ಗದಿಗೆವ್ವನವರು ಸಾಯುವಾಗ ಕೊರಳಿನ ಬಂಗಾರದ ಬೋರಮಾಳವನ್ನು ಮಗಳಿಗೆ ಕೊಟ್ಟು, ಸೊಸೆಯಾದ ನನಗೆ ತಮ್ಮನ್ನು ಒಪ್ಪಿಸಿ, "ಇದೊಂದನ್ನರ ಉಳಿಸಿ ತೋರಸವಾ, ನೋಡೂನು" ಎಂದು ನಕ್ಕು ಕಣ್ಣು ಮುಚ್ಚಿದರು. ಆ ನಗುವಿಗೆ ಉತ್ತರವಾಗಿ ಹನ್ನೊಂದು ವರ್ಷ ತಮ್ಮನ್ನು ನಿಲ್ಲಿಸಿಕೊಂಡು ಬಂದಿದ್ದೆ. ಈಗ ಗೋಡೆಯ ಫೋಟೋದಲ್ಲಿ ಅವರ ಬಾಯಿ ಇನ್ನಷ್ಟು ಅಗಲವಾದಂತೆ ಕಾಣುತ್ತದೆ. ಆದ್ದರಿಂದ ತಾವು ಎಳ್ಳ ಅಮಾವಾಸ್ಯೆಯೊಳಗೆ ದಯಮಾಡಿ ಎದ್ದು ನಿಲ್ಲಬೇಕು. ಅದು ಆಗದಿದ್ದರೆ ಅತ್ತೆಯವರು ಇರುವಲ್ಲಿಗೆ ಹೋಗಿ, ತಪ್ಪು ಸೊಸೆಯದಲ್ಲ ಮಳೆಯದು ಎಂದು ಸಾಕ್ಷಿಯನ್ನಾದರೂ ಹೇಳಬೇಕು.

ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲು, ಕನ್ಯೆ ನೋಡಲು ಹೋದಂತೆ, ರಾಣೆಬೆನ್ನೂರಿನ ನರ್ಸರಿಗೂ ಹೋಗಿಬಂದೆ. ದಾಸವಾಳ ಮುಂಜಾನೆ ಅರಳಿ ಸಂಜೆಗೆ ಮುದುಡುವ ಮೈಗಳ್ಳಿ. ಕಣಗಿಲೆ ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಮೈಯೆಲ್ಲ ವಿಷ; ಅಂಥವಳೊಬ್ಬಳು ಮನೆಯಲ್ಲಿ ಈಗಾಗಲೇ ಇದ್ದಾಳಲ್ಲ ಎಂದು ನನ್ನ ಸೊಸೆ ಅಂದಾಳು. ನರ್ಸರಿಯ ಕೊಟ್ರೇಶ ಬಣ್ಣದೆಲೆಯ ಕ್ರೋಟನ್ ತೋರಿಸಿ, "ಅಜ್ಜೀ, ಇದಕ ಏನ ಮಾಡಿದ್ರೂ ಏನೂ ಆಗೂದಿಲ್ರಿ" ಎಂದ. ಹೂವೂ ಆಗೂದಿಲ್ಲಲ್ಲೋ ಎಂದು ಬರಿಗೈಲಿ ಬಸ್ಸು ಹತ್ತಿದೆ.

ಕೇಳಿ ತಂದ ಸಸಿ ಹತ್ತುವುದಿಲ್ಲ, ಕದ್ದು ತಂದದ್ದೇ ಚಿಗಿಯುತ್ತದೆ ಎಂಬುದು ನಮ್ಮ ಕಡೆಯ ಕಾಯ್ದೆ. ಹಿತ್ತಲ ಗೋಡೆಯಾಚೆ ಜಾಹೀದಾಳ ಮನೆಯಲ್ಲಿ, ತಳ ಒಡೆದ ಕೊಡದೊಳಗೆ, ಇಟ್ಟಂಗಿ ಚೂರುಗಳ ಮೇಲೆ ಒಂದು ಸೇವಂತಿಗೆ ಇದೇ ಮಳೆ ತಿಂದು ಹಳದಿ ಹಲ್ಲು ಕಿರಿದು ನಿಂತಿತ್ತು. ಹೋದ ವಾರ ಒಂದು ಮಧ್ಯಾಹ್ನ ಆಕೆ ಒಳಗೆ ಮಲಗಿದ್ದಾಳೆಂದು ನಂಬಿ ಬುಡದ ಸಸಿಯೊಂದನ್ನು ಕೀಳುತ್ತಿದ್ದೆ. ಬೆನ್ನ ಹಿಂದೆಯೇ ಆಕೆಯ ದನಿ ಕೇಳಿತು. "ಲಗೂ ಕೀಳ್ರಿ ಅವ್ವಾರ, ನಾ ಏನೂ ನೋಡಿಲ್ಲ. ಇದನ್ನ ನಿಮ್ಮ ಹಿತ್ತಲದಾಗ ನಾ ಕೀಳುವಾಗ ನಿಮ್ಮ ಅತ್ತೀನೂ ಹಿಂಗ ಕಾಣದವರಂಗ ಮಾರಿ ತಿರುವಿ ನಿಂತಿದ್ರು. ನಮ್ಮ ಸೊಸಿ ನೀರ ಹಾಕಿ ಹಾಕೇ ಕೊಲ್ತಾಳ, ಒಂದು ನಿನ್ನ ಕಡೆ ಇರ್ಲಿ ಅಂದಿದ್ರು."

ಮಾನ್ಯರೇ, ಇದು ತಮಗೆ ಮೊದಲೇ ಗೊತ್ತಿತ್ತು. ತಮ್ಮ ಮಗಳು ಗೋಡೆಯಾಚೆಯ ಕೊಡದಲ್ಲಿ ಸುಖವಾಗಿದ್ದಾಳೆಂಬ ಧೈರ್ಯದಿಂದಲೇ ತಾವು ಇಲ್ಲಿ ನಿಶ್ಚಿಂತೆಯಿಂದ ಸತ್ತಿರಿ. ತಮ್ಮ ಮೇಲಿನ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ; ಅತ್ತೆಯವರ ಮೇಲಿನದು ಹಾಗೇ ಇದೆ. ಕದ್ದ ಸಸಿ ಈಗ ನಮ್ಮ ಮನೆಯ ಒಡಕು ಕೊಡದಲ್ಲಿ ಎರಡು ಎಲೆ ಎತ್ತಿದೆ.

ತಂಬಿಗೆಯನ್ನು ಅಟ್ಟಕ್ಕೇರಿಸಿ ಕೈ ಕಟ್ಟಿ ನಿಂತಿರುವ,
ತಮ್ಮ ವಿಶ್ವಾಸಿ,
ಸಿದ್ದವ್ವ

ತಾ.ಕ.: ಮೊದಲ ಹೂವನ್ನು ಅತ್ತೆಯವರ ಫೋಟೋಕ್ಕೆ ಏರಿಸಬೇಕೆಂದು ಮನೆಯವರೆಲ್ಲರ ಅಭಿಪ್ರಾಯ. ನಾನಂತೂ ಏರಿಸುವವಳಲ್ಲ. ಬೇಕಿದ್ದರೆ ಅವರೇ ಬಂದು ಕದ್ದುಕೊಂಡು ಹೋಗಲಿ. ನಾನು ಮಾರಿ ತಿರುವಿ ನಿಲ್ಲುತ್ತೇನೆ.