ಹುಣಸೆ ಕುಡಿದ ಬೈಕು

ಮೊದಲು ಒಂದು ಒಗಟು. ಎರಡು ಕಾಲಿದೆ, ನಡೆಯಲ್ಲ. ಹೊಟ್ಟೆ ತುಂಬ ಹುಣಸೆಹಣ್ಣು, ಸಾರು ಮಾಡಲ್ಲ. ಬೆನ್ನ ಮೇಲೆ ನಮ್ಮಮ್ಮ ಕಣ್ಣು ಮುಚ್ಚಿ ಕೂರುತ್ತಾರೆ. ಒಮ್ಮೆ ಕೂಗಿದರೆ ಬೀದಿಯವರೆಲ್ಲ ಚೀಲ ಹಿಡಿದು ಗೇಟಿಗೆ ಬರುತ್ತಾರೆ. ಅದೇನು?

ತಲೆ ಕೆಡಿಸಿಕೊಳ್ಳಬೇಡಿ, ಗೊತ್ತಾಗಲ್ಲ. ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ‘ಇವತ್ತು ಏನೂ ಆಗಲಿಲ್ಲವಲ್ಲ’ ಅಂತ ಅಮ್ಮ ಸಂಜೆ ಹೊತ್ತು ಅನುಮಾನದಿಂದ ನನ್ನ ಕಡೆ ನೋಡುವಷ್ಟು ಅಭ್ಯಾಸ ಆಗಿಬಿಟ್ಟಿದೆ.

ಒಗಟಿನ ಉತ್ತರ ಅಪ್ಪನ ಹಳೇ ಬೈಕು. ಇಲ್ಲಿ ಮಲೇಷ್ಯಾದಲ್ಲಿ ಅಂಥ ಸಣ್ಣ ಬೈಕಿಗೆ ಕಪ್‌ಚಾಯ್ ಅಂತಾರೆ. ಉಡುಪಿಯಿಂದ ಹೊಸದಾಗಿ ಬಂದಾಗ ಅಪ್ಪ ಅದರಲ್ಲೇ ಓಡಾಡುತ್ತಿದ್ದರಂತೆ. ಆಮೇಲೆ ಕಾರು ಬಂತು, ಬೈಕು ಪುಚೊಂಗಿನ ನಮ್ಮ ಮನೆ ಪೋರ್ಚಿನ ಮೂಲೆಗೆ ಹೋಯಿತು. ಅದರ ಮೇಲೆ ಅಮ್ಮ ಕಾಲೊರೆಸು ಒಣಗಿಸುತ್ತಿದ್ದರು.

ಅಪ್ಪ ಬೇರೆ ರಾಜ್ಯವಾದ ಮೆಲಾಕಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರು. ಅಂದರೆ ಮನುಷ್ಯನ ದೇಹ ಬಿಚ್ಚಿ ಒಳಗೆ ಏನೇನಿದೆ ಅಂತ ತೋರಿಸುವ ಪಾಠ. ವಾರವೆಲ್ಲ ಅಲ್ಲೇ ಇದ್ದು, ಶನಿವಾರ ಮನೆಗೆ ಬರುತ್ತಿದ್ದರು. ಕೊರೊನಾ ಬಂದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಹಾಗಿಲ್ಲ ಅಂತಾದಾಗ ಅವರು ಅಲ್ಲೇ ಉಳಿದರು. ಇಲ್ಲಿ ನಾನು, ಅಮ್ಮ, ತಂಗಿ.

‘ಅಪ್ಪ, ಬೈಕು ನನಗೆ ಕೊಡಿ. ಲೈಸೆನ್ಸ್ ತೆಗೆಯೋ ವಯಸ್ಸಾಯ್ತಲ್ಲ. ರೇಸ್ ಬೈಕಿನ ಹಾಗೆ ಮಾಡ್ತೀನಿ ನೋಡಿ,’ ಅಂತ ವಿಡಿಯೊ ಕಾಲಿನಲ್ಲಿ ಕೇಳಿದೆ.

‘ನೀನು ಇಷ್ಟರವರೆಗೆ ಎಂತಾದ್ರೂ ಮುಗಿಸಿದ್ದುಂಟಾ?’ ಅಂದರು ಅಪ್ಪ. ಅರ್ಧ ಕಲಿತ ಗಿಟಾರು, ಅರ್ಧ ತುಂಬಿದ ಮೀನಿನ ತೊಟ್ಟಿ, ಅರ್ಧಕ್ಕೆ ನಿಂತ ಕರಾಟೆ, ಎಲ್ಲವನ್ನೂ ನೆನಪು ಮಾಡಿದರು. ಸ್ಕೂಲಿನ ವಿಷಯ ಬರುವಷ್ಟರಲ್ಲಿ ನೆಟ್‌ವರ್ಕ್ ಹೋದ ಹಾಗೆ ನಟಿಸಿದೆ. ಆದರೂ ಕೊನೆಗೆ ಒಪ್ಪಿದರು. ‘ದಾರಿ ಬಿಟ್ಟ ದಿನ ನಾನು ಮನೆಗೆ ಬರ್ತೇನೆ. ಅವತ್ತು ಅದು ಸದ್ದು ಮಾಡ್ಕೊಂಡು ಗೇಟು ದಾಟಿದ್ರೆ ನಿನ್ನದು. ದಾಟದಿದ್ರೆ ಹಳೇ ಕಬ್ಬಿಣದ ವ್ಯಾನಿಗೆ. ಪೋರ್ಚಾದ್ರೂ ಖಾಲಿ ಆಗ್ತದೆ.’

ಹಳೇ ಕಬ್ಬಿಣದ ವ್ಯಾನು ಗೊತ್ತಲ್ಲ, ಮೈಕು ಕಟ್ಟಿಕೊಂಡು, ರೆಕಾರ್ಡ್ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತದೆ. ಅವತ್ತಿನಿಂದ ಆ ಮೈಕಿನ ದನಿ ಕೇಳಿದರೆ ನಾನು ಓಡಿಹೋಗಿ ಗೇಟಿಗೆ ಚಿಲಕ ಹಾಕುತ್ತಿದ್ದೆ.

ಹೊಟ್ಟೆಯ ವಿಚಾರ

ಪೆಟ್ರೋಲ್ ಟ್ಯಾಂಕು ಬಿಚ್ಚಿ ಒಳಗೆ ಟಾರ್ಚು ಬಿಟ್ಟರೆ ಬರೀ ತುಕ್ಕು. ಅಂಗಡಿಗಳೆಲ್ಲ ಮುಚ್ಚಿವೆ. ತುಕ್ಕು ತೆಗೆಯುವ ಔಷಧಿ ಎಲ್ಲಿಂದ ತರೋದು? ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮ ದೇವರ ದೀಪ ತಿಕ್ಕುತ್ತಿದ್ದರು. ಹುಣಸೆಹಣ್ಣು ಹಾಕಿ ಉಜ್ಜಿದ್ದೇ ತಡ, ಕಪ್ಪು ದೀಪ ಫಳಫಳ. ನನ್ನ ತಲೆಯಲ್ಲೂ ದೀಪ ಹತ್ತಿತು.

ಅಮ್ಮ ಹುಣಸೆಹಣ್ಣನ್ನು ಊರಿಂದ ತರುವವರು. ಇಲ್ಲಿಯದು ಅವರಿಗೆ ಆಗಲ್ಲ. ವಿಮಾನ ನಿಂತ ಮೇಲೆ ಇದ್ದದ್ದನ್ನು ಗೋಲಿಯಷ್ಟು ಗೋಲಿಯಷ್ಟೇ ಚಿವುಟಿ ಬಳಸುತ್ತಿದ್ದರು. ನಾನು ಡಬ್ಬಿಗೆ ಡಬ್ಬಿಯೇ ಬಿಸಿನೀರಲ್ಲಿ ಕಿವುಚಿ ಟ್ಯಾಂಕಿಗೆ ಸುರಿದೆ. ಹೇಗೂ ಕೈ ಹಾಕಿದ್ದಾಯಿತು ಅಂತ ತುಕ್ಕು ಹಿಡಿದ ಚೈನನ್ನೂ ಖಾಲಿ ಉಪ್ಪಿನಕಾಯಿ ಭರಣಿಗೆ ಹಾಕಿ, ಎಣ್ಣೆ ಸುರಿದು ನೆನೆಯಲು ಬಿಟ್ಟೆ. ಭರಣಿ ಯಾರಿಗೂ ಕಾಣದ ಹಾಗೆ ಮೇಲಿನ ಶೆಲ್ಫಿಗೆ ಹೋಯಿತು.

ಆಮೇಲೆ ಟ್ಯಾಂಕಿನ ನೀರನ್ನು ಎಲ್ಲಿ ಚೆಲ್ಲೋದು? ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿದೆ. ಗಿಡ ಎಲೆ ಉದುರಿಸಿಕೊಂಡು ಬೋಳಾಯಿತು. ಪಕ್ಕದ ಮನೆಯ ತಮಿಳು ಆಂಟಿ ಗೋಡೆ ಮೇಲಿಂದ ಮೂಗು ಚಾಚಿ, ‘ಇವತ್ತು ನಿಮ್ಮಲ್ಲಿ ರಸಂ ಆ? ವಾಸನೆ ಬೈಕ್ ಕಡೆಯಿಂದ ಬರ್ತಿದೆ ಲಾ!’ ಅಂದರು, ಇಲ್ಲಿಯವರ ‘ಲಾ’ ಸೇರಿಸಿ. ಅಮ್ಮ ಹೊರಗೆ ಬಂದರು. ಖಾಲಿ ಡಬ್ಬಿ ನೋಡಿದರು, ಬೋಳು ಕರಿಬೇವು ನೋಡಿದರು, ಬೈಕು ನೋಡಿದರು. ಬೈಯುತ್ತಾರೆ ಅಂತ ನಾನು ಕಿವಿ ಮುಚ್ಚಿಕೊಳ್ಳಲು ರೆಡಿ.

ಅಮ್ಮ ತಣ್ಣಗೆ ಕೇಳಿದರು: ‘ಹುಣಸೆ ಹಾಕಿದ್ದಿ, ಕರಿಬೇವು ಹಾಕಿದ್ದಿ. ಒಗ್ಗರಣೆ ಒಂದು ಯಾಕೆ ಬಿಟ್ಟದ್ದು ಮಾರಾಯ?’

ತಲೆಯಾಡಿಸುವ ಹುಡುಗ

ಬೈಕಿನ ಕೆಲಸಕ್ಕೆ ಇದ್ದ ದೊಡ್ಡ ಅಡ್ಡಿ ಅಂದರೆ ಆನ್‌ಲೈನ್ ಕ್ಲಾಸು. ಅದಕ್ಕೂ ದಾರಿ ಮಾಡಿದೆ. ನಾನು ಕುರ್ಚಿಯಲ್ಲಿ ಕೂತು ಭಕ್ತಿಯಿಂದ ತಲೆಯಾಡಿಸುವ ವಿಡಿಯೊ ಮಾಡಿ, ಅದನ್ನೇ ಕ್ಯಾಮೆರಾದ ಬ್ಯಾಕ್‌ಗ್ರೌಂಡ್ ಮಾಡಿಟ್ಟೆ. ಕುರ್ಚಿ ಖಾಲಿ. ಪರದೆ ಮೇಲೆ ಮಾತ್ರ ನಾನು ತಲೆಯಾಡಿಸುತ್ತಲೇ ಇರುತ್ತೇನೆ. ನಿಜವಾದ ನಾನು ಪೋರ್ಚಿನಲ್ಲಿ ಹ್ಯಾಂಡಲ್ ಬಿಚ್ಚುತ್ತಿರುತ್ತೇನೆ.

ಗಣಿತದ ಟೀಚರಿಗೆ ಬಹಳ ಸಂತೋಷ. ‘ಅರ್ಥ ಆಯ್ತಾ?’ ಅಂದರೆ ತಲೆಯಾಡಿಸುತ್ತೇನೆ. ‘ಹೋಮ್‌ವರ್ಕ್ ಜಾಸ್ತಿ ಕೊಡಲಾ?’ ಅಂದರೂ ತಲೆಯಾಡಿಸುತ್ತೇನೆ. ಉಳಿದ ಹುಡುಗರು ನನ್ನನ್ನು ಕೊಲ್ಲುವುದೊಂದು ಬಾಕಿ.

ಒಂದು ದಿನ ಸ್ಪ್ಯಾನರ್ ಸಿಗಲಿಲ್ಲ. ಮೇಜಿನ ಮೇಲೆ ಬಿಟ್ಟಿದ್ದೆ ಅಂತ ನೆನಪಾಗಿ ಒಳಗೆ ನುಗ್ಗಿ, ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಹುಡುಕತೊಡಗಿದೆ. ಬನಿಯನ್ನು, ಮುಖದ ತುಂಬ ಗ್ರೀಸು. ಪರದೆ ಮೇಲೆ ಹಿಂದೆ ಒಬ್ಬ ನಾನು ತಲೆಯಾಡಿಸುತ್ತಿದ್ದೇನೆ, ಮುಂದೆ ಇನ್ನೊಬ್ಬ ನಾನು ಕಳ್ಳನ ಹಾಗೆ ತಡಕಾಡುತ್ತಿದ್ದೇನೆ.

ಟೀಚರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದರು: ‘ಮುಂದೆ ನಿಂತಿರೋ ಹುಡುಗ ಹೊರಗೆ ಹೋಗಬಹುದು. ಹಿಂದಿನವನು ಒಳ್ಳೆ ಸ್ಟೂಡೆಂಟು, ಅವನು ಇರಲಿ.’

ಹಾರ್ನ್ ಟಪಾವ್

ವೈರು ಜೋಡಿಸುವುದು ಬಣ್ಣ ನೋಡಿಕೊಂಡು ಮಾಡುವ ಕೆಲಸ ಅಂತ ವಿಡಿಯೊದಲ್ಲಿ ಹೇಳಿದ್ದರು. ನಮ್ಮ ಬೈಕಿನ ವೈರುಗಳೆಲ್ಲ ವಯಸ್ಸಾಗಿ ಒಂದೇ ಬಣ್ಣಕ್ಕೆ ಬಂದಿದ್ದವು. ಅಂದಾಜಿನ ಮೇಲೆ ಜೋಡಿಸಿದೆ. ಬ್ರೇಕ್ ಒತ್ತಿದರೆ ಹಿಂದಿನ ಲೈಟು ಹತ್ತಬೇಕು. ಒತ್ತಿದೆ. ‘ಪೋಂ ಪೋಂ’ ಅಂತ ಹಾರ್ನ್ ಹೊಡೆಯಿತು. ಇನ್ನೊಮ್ಮೆ ಒತ್ತಿದೆ. ಮತ್ತೆ ಪೋಂ ಪೋಂ.

ಇಲ್ಲಿ ಬೈಕಿನ ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಬ್ರೆಡ್ಡು, ಬನ್ನು, ಬಿಸ್ಕೆಟ್ ಮಾರುವವನು ಬರುತ್ತಾನೆ. ಬ್ರೆಡ್ಡಿಗೆ ಇಲ್ಲಿ ರೊಟ್ಟಿ ಅಂತಾರೆ, ಅವನು ರೊಟ್ಟಿಯವನು. ಅವನದ್ದೂ ಇದೇ ಗಂಟಲು ಕಟ್ಟಿದ ಪೋಂ ಪೋಂ. ಲಾಕ್‌ಡೌನ್ ಆದಾಗಿನಿಂದ ಅವನು ಬಂದಿರಲಿಲ್ಲ.

ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಬೀದಿಯ ಗೇಟುಗಳೆಲ್ಲ ತೆರೆದಿದ್ದವು. ಮಾಸ್ಕ್ ಹಾಕಿಕೊಂಡು, ಚೀಲ ಹಿಡಿದುಕೊಂಡು, ದೂರ ದೂರ ನಿಂತು, ಎಲ್ಲರೂ ನಮ್ಮ ಮನೆಯನ್ನೇ ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಅಷ್ಟು ಜನರನ್ನು ಒಟ್ಟಿಗೆ ನೋಡಿದ್ದು. ನನಗೂ ಒಂಥರಾ ಖುಷಿಯಾಗಿ ಇನ್ನೊಮ್ಮೆ ಒತ್ತಿದೆ.

‘ತಂಬಿ, ರೊಟ್ಟಿ ಎಲ್ಲಿ?’ ಅಂದರು ಪಕ್ಕದ ಆಂಟಿ.

‘ರೊಟ್ಟಿ ಇಲ್ಲ ಆಂಟಿ, ಹಾರ್ನ್ ಮಾತ್ರ.’

ಹೋಟೆಲಿನಿಂದ ಕಟ್ಟಿಸಿಕೊಂಡು ಹೋಗುವುದಕ್ಕೆ ಇಲ್ಲಿ ಟಪಾವ್ ಅಂತಾರೆ. ಆಂಟಿ ಚೀಲವನ್ನು ಬಾಯಿ ಬಿಡಿಸಿ ಗೋಡೆ ಮೇಲಿಂದ ಚಾಚಿದರು. ‘ಸರಿ, ಇಷ್ಟು ದೂರ ಬಂದಾಗಿದೆ. ಎರಡು ಹಾರ್ನ್ ಟಪಾವ್ ಮಾಡು.’

ಬ್ರೇಕು ಚಕ್ರ ಹಿಡಿಯುತ್ತಲೂ ಇರಲಿಲ್ಲ, ಅದನ್ನು ಆಮೇಲೆ ಸರಿ ಮಾಡಿದರಾಯಿತು ಅಂತ ಬಿಟ್ಟೆ.

ಬೈಕಿನ ಮೇಲೆ ಧ್ಯಾನ

ರೇಸ್ ಬೈಕಿನ ಸೀಟು ಹಲಗೆಯ ಹಾಗೆ ಚಪ್ಪಟೆ ಇರಬೇಕು. ಹಳೇ ಸೀಟಿನ ಸ್ಪಂಜು ಕಿತ್ತು ಬಿಸಾಡಿದೆ. ಹೊಸತು ಬೇಕಲ್ಲ? ಅಮ್ಮನ ಯೋಗದ ಮ್ಯಾಟ್ ನೇರಳೆ ಬಣ್ಣದ್ದು, ಹದವಾಗಿ ಮೆತ್ತಗಿತ್ತು. ಅಂಚಿನಿಂದ ಕತ್ತರಿಸಿದರೆ ಗೊತ್ತಾಗುತ್ತದೆ ಅಂತ ಬುದ್ಧಿ ಉಪಯೋಗಿಸಿ ಮಧ್ಯದಿಂದ ಕತ್ತರಿಸಿದೆ. ಸುತ್ತಿಟ್ಟರೆ ಮೊದಲಿನ ಹಾಗೇ ಕಾಣುತ್ತಿತ್ತು.

ಬೆಳಗ್ಗೆ ಅಮ್ಮ ಆನ್‌ಲೈನ್ ಯೋಗದ ಕ್ಲಾಸಿನಲ್ಲಿ ಮ್ಯಾಟ್ ಬಿಡಿಸಿದರು. ನಡುವೆ ಬೈಕಿನ ಸೀಟಿನ ಆಕಾರದ ತೂತು, ತೂತಿನಲ್ಲಿ ತಣ್ಣನೆ ಟೈಲ್ಸು. ತಂಗಿ ಬಾಗಿಲ ಹತ್ತಿರ ನಿಂತು, ‘ನಾಟ್ ಮೀ!’ ಅಂದಳು. ಅವಳು ಇಲ್ಲಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಚಾಡಿಯೂ ಇಂಗ್ಲಿಷಿನಲ್ಲೇ.

ಅಮ್ಮ ಮ್ಯಾಟ್ ಸುತ್ತಿ ಬದಿಗಿಟ್ಟರು. ಫೋನು ತೆಗೆದುಕೊಂಡು ಪೋರ್ಚಿಗೆ ಬಂದರು. ಫೋನನ್ನು ಹ್ಯಾಂಡಲಿಗೆ ಒರಗಿಸಿ, ಬೈಕು ಹತ್ತಿ, ಸೀಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು. ‘ನನ್ನ ಮ್ಯಾಟ್ ಎಲ್ಲುಂಟೋ ನನ್ನ ಯೋಗ ಅಲ್ಲೇ,’ ಅಂದರು. ದಿನಾ ಬೆಳಗ್ಗೆ ಅದೇ ಆಯಿತು. ಅಮ್ಮನ ಪ್ರಾಣಾಯಾಮ ಮುಗಿಯುವ ತನಕ ನಾನು ಸ್ಪ್ಯಾನರ್ ಮುಟ್ಟುವ ಹಾಗಿಲ್ಲ.

ಅಂಥ ಹೊತ್ತಿನಲ್ಲೇ ಒಮ್ಮೆ ಅಪ್ಪನ ಕಾಲ್ ಬಂತು. ‘ದಾರಿ ಬಿಡ್ತಾರೆ ಅಂತ ಸುದ್ದಿ. ಬೈಕು ಎಂತ ಮಾಡ್ತಾ ಉಂಟು? ಓಡ್ತದಾ?’

ಅಮ್ಮ ಕಣ್ಣು ಬಿಡದೆ ಹೇಳಿದರು: ‘ಓಡುವ ಆಸೆಯನ್ನೇ ಅದು ಬಿಟ್ಟಿದೆ. ಈಗ ಧ್ಯಾನದಲ್ಲುಂಟು.’

ಗೇಟು

ದಾರಿ ಬಿಟ್ಟರು. ‘ತಿಂಡಿ ತಿಂದು ಹೊರಟೆ’ ಅಂತ ಅಪ್ಪನ ಮೆಸೇಜು.

ನಾನು ಗಾಬರಿಯಲ್ಲಿ ಉಳಿದ ಬಿಡಿಭಾಗಗಳನ್ನೆಲ್ಲ ಬಿಗಿದೆ. ಎಷ್ಟು ಚುಚ್ಚಿ ಮಾತಾಡಿದರೂ ಅಮ್ಮ ನನ್ನ ಕಡೆಯೇ. ಆಯುಧಪೂಜೆಗೆ ಇನ್ನೂ ಕಾಲ ಇದ್ದರೂ ಬೈಕಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಆಂಟಿ ಗೋಡೆ ಮೇಲೆ ಮೊಣಕೈ ಊರಿ ನಿಂತರು. ಅಪ್ಪನ ಕಾರು ಬೀದಿಯ ತುದಿಯಲ್ಲಿ ತಿರುಗಿತು. ಅಪ್ಪ ಇಳಿದು, ಮಾಸ್ಕ್ ಕೆಳಗೆಳೆದು, ಕೈ ಕಟ್ಟಿಕೊಂಡು ಗೇಟಿನಾಚೆ ನಿಂತರು.

ಕಿಕ್ ಹೊಡೆದೆ. ಏನಿಲ್ಲ. ಮತ್ತೆ ಹೊಡೆದೆ. ಕೆಮ್ಮಿತು. ಇನ್ನೊಮ್ಮೆ ಹೊಡೆದೆ. ಭರ್ರ್ ಅಂತ ಶುರುವಾಯಿತು! ಹೊಗೆ ಬಂತು, ಹೊಗೆಯಲ್ಲಿ ಸಣ್ಣಗೆ ಸಾರಿನ ವಾಸನೆಯೂ ಬಂತು. ನನ್ನ ಕಣ್ಣಲ್ಲಿ ನೀರು ಬಂತು, ಅದು ಹೊಗೆಗೆ ಅಂತಲೇ ಇಟ್ಟುಕೊಳ್ಳಿ. ಗೇರು ಹಾಕಿದೆ. ಆಕ್ಸಿಲರೇಟರ್ ತಿರುವಿದೆ. ಇಂಜಿನ್ ಬೊಬ್ಬೆ ಹೊಡೆಯಿತು. ಬೈಕು ಇದ್ದಲ್ಲೇ ಇತ್ತು.

ತಂಗಿ ಹಿಂದೆ ಬಗ್ಗಿ ನೋಡಿ, ‘ಅಣ್ಣಾ, ವೇರ್ ಈಸ್ ದ ಚೈನ್?’ ಅಂದಳು.

ಚೈನು ಉಪ್ಪಿನಕಾಯಿ ಭರಣಿಯಲ್ಲಿತ್ತು.

ಅಷ್ಟರಲ್ಲಿ ಮೈಕಿನ ದನಿ. ಹಳೇ ಕಬ್ಬಿಣದ ವ್ಯಾನು ಸೀದಾ ನಮ್ಮ ಬೀದಿಗೇ ಬಂತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ಒಂದು ನೂಕು ನೂಕಿದರು. ನಮ್ಮ ಪೋರ್ಚು ಬೀದಿಯ ಕಡೆಗೆ ಇಳಿಜಾರು. ನಿಂಬೆಹಣ್ಣು ಪಚಕ್ ಅಂತು, ಬೈಕು ಸದ್ದು ಮಾಡಿಕೊಂಡು ಗೇಟು ದಾಟಿತು, ಅಪ್ಪನನ್ನು ದಾಟಿತು, ನೇರ ವ್ಯಾನಿನ ಕಡೆಗೇ ಹೊರಟಿತು! ಬ್ರೇಕ್ ಒತ್ತಿದೆ. ಪೋಂ ಪೋಂ! ಬೀದಿಯವರೆಲ್ಲ ರೊಟ್ಟಿ ಬಂತು ಅಂತ ಚೀಲ ಹಿಡಿದು ಓಡಿ ಬಂದರು. ವ್ಯಾನಿನವನು, ಮಾಲು ತಾನಾಗಿಯೇ ಬರುತ್ತಿದೆ ಅಂತ ಇಳಿದು ಹಿಂದಿನ ಬಾಗಿಲು ತೆಗೆದು ಹಲಗೆ ಇಳಿಸಿದ. ಬೈಕಿನ ಮುಂದಿನ ಚಕ್ರ ಹಲಗೆ ಮುಟ್ಟುವುದಕ್ಕೂ ಅಪ್ಪ ಓಡಿ ಬಂದು ಹ್ಯಾಂಡಲ್ ಹಿಡಿಯುವುದಕ್ಕೂ ಸರಿಹೋಯಿತು. ‘ಇದು ಕಬ್ಬಿಣ ಅಲ್ಲ ಮಾರಾಯ,’ ಅಂದರು ವ್ಯಾನಿನವನಿಗೆ, ಅಚ್ಚ ಕನ್ನಡದಲ್ಲಿ, ‘ಇದು ನನ್ನ ಮಗನ ಬೈಕು!’ ಇಡೀ ಬೀದಿ ಚಪ್ಪಾಳೆ ತಟ್ಟಿತು.

ಚೆನ್ನಾಗಿದೆ, ಅಲ್ವಾ? ಚೈನು ಇರಲಿಲ್ಲ ಅನ್ನುವಲ್ಲಿಯವರೆಗೆ ನಿಜ. ಆಮೇಲಿನದ್ದು ನಾನು ಕಟ್ಟಿದ್ದು.

ವ್ಯಾನು ಅವತ್ತು ಬರಲೇ ಇಲ್ಲ, ಬೈಕು ಗೇಟು ದಾಟಲೂ ಇಲ್ಲ. ಅಪ್ಪ ಒಳಗೆ ಬಂದು ಇಂಜಿನ್ ಆಫ್ ಮಾಡಿ, ನೇರಳೆ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದರು. ‘ಇಷ್ಟಾದ್ರೂ ಮಾಡಿದ್ದೀಯಲ್ಲ. ಆದ್ರೆ ಸದ್ದು ಸರಿ ಇಲ್ಲ. ಒಳಗೆ ಎಂತದೋ ಉಂಟು. ಸ್ಪ್ಯಾನರ್ ಕೊಡು,’ ಅಂದರು. ಶರ್ಟಿನ ತೋಳು ಮಡಚಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನಾನು ಹೆದರಿ ಮುಟ್ಟದೆ ಬಿಟ್ಟಿದ್ದ ಇಂಜಿನ್ನನ್ನೇ ಬಿಚ್ಚಿದರು. ಎಷ್ಟು ಚಂದ ಬಿಚ್ಚಿದರು ಅಂತೀರಿ! ಒಂದೊಂದು ಭಾಗವನ್ನೂ ಒರೆಸಿ, ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಅದರ ಕೆಲಸ ಏನು ಅಂತ ವಿವರಿಸಿದರು. ಪೋರ್ಚು ತುಂಬಿತು.

ವಾಪಸ್ ಜೋಡಿಸುವ ಹೊತ್ತಿಗೆ ಅಪ್ಪ ತಲೆ ಕೆರೆದುಕೊಂಡರು. ಆಗ ನನಗೆ ಹೊಳೆಯಿತು. ಅನಾಟಮಿ ಮೇಷ್ಟ್ರು ಜೀವಮಾನದಲ್ಲಿ ಒಂದನ್ನೂ ವಾಪಸ್ ಜೋಡಿಸಿದವರಲ್ಲ. ಬಿಚ್ಚುವುದಕ್ಕೇ ಅವರ ಪಾಠ ಮುಗಿಯುತ್ತದೆ.

ವ್ಯಾನು ಈಗಲೂ ಬೀದಿಗೆ ಬರುತ್ತದೆ. ಅಮ್ಮ ಪೋರ್ಚಿನ ಕಡೆ ಕೈ ತೋರಿಸಿದರೆ ಅಪ್ಪ, ‘ಸುಮ್ಮನಿರು, ಮುಗಿಸ್ತಾ ಇದ್ದೇವೆ,’ ಅಂತಾರೆ. ಶನಿವಾರ ಶನಿವಾರ ಇಬ್ಬರೂ ಕೂರುತ್ತೇವೆ. ಬೈಕು ಇನ್ನೂ ಪೇಪರಿನ ಮೇಲೆ ಸಾಲಾಗಿ ಮಲಗಿದೆ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮುಗಿಸುವವರಲ್ಲ ನೋಡಿ, ಅದಕ್ಕೇ ಈ ಕತೆಗಾದರೂ ಒಂದು ಕೊನೆ ಇರಲಿ ಅಂತ ಗೇಟು ದಾಟಿದ್ದನ್ನು ನಾನೇ ಕಟ್ಟಿದೆ.